ಕೈಯಲ್ಲಿ ಸೂಜಿ, ಕಿವಿಯಲ್ಲಿ ಪುಸ್ತಕ: ಯಾವುದನ್ನು ಕೇಳಬಹುದು, ಯಾವುದನ್ನು ಓದಲೇಬೇಕು?

ನೀವು ಎರಡು ವಿಷಯ ಕೇಳಿದ್ದೀರಿ. ಕಾದಂಬರಿ, ಪತ್ತೇದಾರಿ, ಆತ್ಮಕಥೆ, ಕವಿತೆ, ಇತಿಹಾಸ ಇವುಗಳಲ್ಲಿ ಯಾವುದು ಆಡಿಯೋಬುಕ್ ಆಗಿ ಚೆನ್ನಾಗಿರುತ್ತದೆ ಅನ್ನುವುದು ಒಂದು. ಕೇಳಿದರೆ ಓದಿದಷ್ಟೇ ತಲೆಗೆ ಹತ್ತುತ್ತದಾ ಅನ್ನುವುದು ಇನ್ನೊಂದು. ದಿನಾ ಬಸ್ಸಿನಲ್ಲಿ ಒಂದು ಗಂಟೆ ಸಿಗುತ್ತದೆ, ಕೂತು ಓದುವ ಅಭ್ಯಾಸ ತಪ್ಪಿಹೋಗಿದೆ ಅಂತಲೂ ಬರೆದಿದ್ದೀರಿ.

ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಫಾಲ್ ಹಚ್ಚುವುದು, ಸೀರೆಗೆ ಕುಚ್ಚು ಕಟ್ಟುವುದೂ ಇದೆ. ಕೈಗೆ ಬೆಳಗಿನಿಂದ ಕೆಲಸ, ಕಿವಿಗೆ ಬಿಡುವು. ಹಾಗಾಗಿ ವರ್ಷಗಳಿಂದ ನನ್ನ ಓದಿನಲ್ಲಿ ಮುಕ್ಕಾಲು ಪಾಲು ಕೇಳುವುದೇ. ಕೇಳುತ್ತಾ ಕೇಳುತ್ತಾ ನನಗೆ ಗೊತ್ತಾಗಿದ್ದು ಇಷ್ಟು: ಪುಸ್ತಕ ಯಾವ ಪ್ರಕಾರದ್ದು ಅನ್ನುವುದಕ್ಕಿಂತ ಅದನ್ನು ಹೇಗೆ ಬರೆದಿದ್ದಾರೆ ಅನ್ನುವುದು ಮುಖ್ಯ. ಒಬ್ಬರು ಎದುರು ಕೂತು ಹೇಳಿದ ಹಾಗೆ ಬರೆದಿದ್ದರೆ ಅದು ಕಿವಿಗೆ ಹತ್ತುತ್ತದೆ. ಮತ್ತೆ ಮತ್ತೆ ಹಿಂದಿನ ಪುಟ ತಿರುವಬೇಕಾದ ಪುಸ್ತಕವನ್ನು ಎಷ್ಟೇ ಚೆನ್ನಾಗಿ ಓದಿ ರೆಕಾರ್ಡ್ ಮಾಡಿದ್ದರೂ ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟ.

ಆತ್ಮಕಥೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಅದರಲ್ಲೂ ಬರೆದವರೇ ಓದಿದ್ದರೆ ಬೇರೆ ಮಾತೇ ಬೇಡ. ದಕ್ಷಿಣ ಆಫ್ರಿಕಾದ ಟ್ರೆವರ್ ನೋವಾ ತನ್ನ ಬಾಲ್ಯದ ಬಗ್ಗೆ ಬರೆದ 'ಬಾರ್ನ್ ಎ ಕ್ರೈಮ್' 2016ರಲ್ಲಿ ಬಂತು. ಅದರ ಆಡಿಯೋಬುಕ್ ಅನ್ನು ಅವರೇ ಓದಿದ್ದಾರೆ. ಅಪ್ಪ ಬಿಳಿಯ, ಅಮ್ಮ ಕಪ್ಪು ಜನಾಂಗದವರು. ಆಗಿನ ವರ್ಣಭೇದದ ಕಾನೂನಿನ ಪ್ರಕಾರ ಇಂಥ ಸಂಬಂಧವೇ ಅಪರಾಧ, ಮಗುವೇ ಅದಕ್ಕೆ ಸಾಕ್ಷಿ. ಆ ಹುಡುಗ ಬದುಕಿದ್ದೇ ಹಲವು ಭಾಷೆ ಆಡುತ್ತಾ. ಕೋಸಾ, ಜುಲು, ಆಫ್ರಿಕಾನ್ಸ್ ಮಾತುಗಳು ಅವರ ಬಾಯಲ್ಲೇ ಬರುತ್ತವೆ. ಕೋಸಾ ಭಾಷೆಯಲ್ಲಿ ನಾಲಿಗೆಯಿಂದ ಲೊಟಕ್ ಅನ್ನಿಸುವ ಅಕ್ಷರಗಳಿವೆ. ಅಚ್ಚಿನಲ್ಲಿ ಅದನ್ನು ನೋಡಿದರೆ ನನಗೇನೂ ತಿಳಿಯುತ್ತಿರಲಿಲ್ಲ. ಅಮ್ಮನ ಮಾತು ಬಂದಾಗ ಅವರ ದನಿ ಬದಲಾಗುವುದಿದೆಯಲ್ಲ, ಅದು ಬಾಡಿಗೆಗೆ ಬಂದು ಓದುವವರಿಗೆ ಆಗುವಂಥದ್ದಲ್ಲ. ಇಂಗ್ಲಿಷ್ ಪುಸ್ತಕ ಕೇಳುವಾಗ ನಾನು ವೇಗವನ್ನು ಸ್ವಲ್ಪ ಇಳಿಸಿಕೊಳ್ಳುತ್ತೇನೆ. ಇಂಗ್ಲಿಷ್ ಓದು ನಿಧಾನ ಇರುವವರಿಗೂ ಇಂಥ ಪುಸ್ತಕ ಕೇಳಿದರೆ ಅರ್ಥವಾಗುತ್ತದೆ.

ಇನ್ನು ಕಾದಂಬರಿ. ಇಲ್ಲಿ 'ಕಾದಂಬರಿ ಕೇಳಬಹುದಾ' ಅಂತ ಒಟ್ಟಾರೆ ಕೇಳಿದರೆ ಉತ್ತರ ಇಲ್ಲ. ಎರಡು ಉದಾಹರಣೆ ಹೇಳುತ್ತೇನೆ, ಎರಡೂ ದೊಡ್ಡ ಪುಸ್ತಕಗಳು. ನಮ್ಮ ಅತ್ತಿಗೆಗೆ ಗಟ್ಟಿಯಾಗಿ ಓದುವುದು ಇಷ್ಟ. ಮಳೆಗಾಲದಲ್ಲಿ ನಾನು ಹುಕ್ಸ್ ಹಾಕುತ್ತಾ ಕೂತರೆ ಅವರು ಪಕ್ಕದಲ್ಲಿ ಪುಸ್ತಕ ಹಿಡಿದು ಕೂರುತ್ತಾರೆ. ಭೈರಪ್ಪನವರ 'ಪರ್ವ'ವನ್ನು ಹಾಗೆ ಕೇಳಿದೆ. 1979ರಲ್ಲಿ ಬಂದ ಪುಸ್ತಕ, ಗಾತ್ರ ನೋಡಿದರೆ ಹೆದರಿಕೆ ಆಗಬೇಕು. ಆದರೆ ಕಿವಿಗೆ ಎಲ್ಲೂ ಭಾರ ಅನಿಸಲಿಲ್ಲ. ಕುಂತಿ, ದ್ರೌಪದಿ, ಭೀಮ, ಕರ್ಣ ಒಬ್ಬೊಬ್ಬರೂ ತಮ್ಮೊಳಗೇ ನೆನಪು ಮಾಡಿಕೊಳ್ಳುತ್ತಾ ಹೋಗುತ್ತಾರೆ. ಅದು ಮಾತೇ ಅಲ್ವಾ? ಜೊತೆಗೆ ಯಾರು ಯಾರ ಮಗ, ಯಾರು ಯಾರ ಹೆಂಡತಿ ಅನ್ನುವುದು ನಮಗೆ ಚಿಕ್ಕಂದಿನಿಂದ ಗೊತ್ತು. ಹೆಸರು ನೆನಪಿಡುವ ಕಷ್ಟವೇ ಇಲ್ಲ. ಮನಸ್ಸೆಲ್ಲ ಕಥೆಯ ಮೇಲೆ ಇರುತ್ತದೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹಾಗಲ್ಲ. ನಮ್ಮ ಕಡೆಯದೇ ಕಥೆ, ತೀರ್ಥಹಳ್ಳಿಯ ಸುತ್ತಮುತ್ತಲಿನದು, ನನ್ನ ಪ್ರೀತಿಯ ಪುಸ್ತಕ. ಆದರೂ ಮೊದಲ ಸಲ ಅದನ್ನು ಕೇಳಬೇಡಿ ಅಂತಲೇ ಹೇಳುತ್ತೇನೆ. ಅದರಲ್ಲಿ ಒಬ್ಬ ನಾಯಕ ಅಂತ ಇಲ್ಲ. ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ ಹೀಗೆ ಜನ ಬರುತ್ತಲೇ ಇರುತ್ತಾರೆ. ಕೋಣೂರು, ಹೂವಳ್ಳಿ, ಬೆಟ್ಟಳ್ಳಿ, ಸಿಂಬಾವಿ ಅಂತ ಮನೆಗಳೂ ಊರುಗಳೂ ಬೇರೆ. ಓದುವಾಗ ನಾಲ್ಕು ಪುಟ ಹಿಂದೆ ಹೋಗಿ ಇವರು ಯಾರು ಅಂತ ನೋಡಿಕೊಂಡು ಬರಬಹುದು. ಕೇಳುವಾಗ ಕೈಯಲ್ಲಿ ಸೂಜಿ ಇರುತ್ತದೆ, ಹಿಂದೆ ಹೋಗುವುದು ಹೇಗೆ? 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಇದನ್ನು ರಾತ್ರಿಯಿಡೀ ನಡೆಯುವ ನಾಟಕ ಮಾಡಿಸಿದರು. ಅಷ್ಟೂ ಪಾತ್ರಗಳನ್ನು ಜನ ಹಿಡಿದುಕೊಂಡರು, ಯಾಕೆಂದರೆ ಅಲ್ಲಿ ಮುಖ ಕಾಣುತ್ತದೆ. ಬರೀ ದನಿಗೆ ಆ ಅನುಕೂಲ ಇಲ್ಲ. ಒಮ್ಮೆ ಓದಿ, ಊರುಗಳೆಲ್ಲ ತಲೆಯಲ್ಲಿ ಕೂತ ಮೇಲೆ ಕೇಳಿ. ಆಗ ಕಾಡಿನ ವರ್ಣನೆಗಳು ಕಿವಿಯಲ್ಲಿ ಎಷ್ಟು ಚೆಂದ ಅಂತೀರಿ.

ಆಡುಮಾತಿನಲ್ಲಿ ಬರೆದ ಕಾದಂಬರಿಗಳಿಗೆ ಮಾತ್ರ ಇದು ತಲೆಕೆಳಗು. ದೇವನೂರ ಮಹಾದೇವ ಅವರ 'ಕುಸುಮಬಾಲೆ' ನಂಜನಗೂಡು ಕಡೆಯ ಮಾತಿನಲ್ಲಿದೆ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಆದರೂ ಎಷ್ಟೋ ಜನ ಕೆಲವೇ ಪುಟಕ್ಕೆ ಕೈಬಿಡುತ್ತಾರೆ, ಭಾಷೆ ತಿಳಿಯುವುದಿಲ್ಲ ಅಂತ. ಆ ಸೀಮೆಯವರ ಬಾಯಲ್ಲಿ ಒಂದು ಪುಟ ಕೇಳಿ ನೋಡಿ. ಅಚ್ಚಿನಲ್ಲಿ ಗಂಟಾಗಿ ಕಂಡದ್ದು ಬಿಡಿಸಿಕೊಳ್ಳುತ್ತದೆ. ಧಾರವಾಡದ ಮಾತಿಗೂ, ಕುಂದಾಪುರದ ಕನ್ನಡಕ್ಕೂ ಇದೇ ಮಾತು. ಅದಕ್ಕೇ ನನಗೆ ಒಂದು ಸಂಕಟ ಇದೆ. ಆಡುಮಾತಿನ ಕಥೆಯನ್ನು ವಾರ್ತೆ ಓದುವ ದನಿಯಲ್ಲಿ ಓದಿಸಿಬಿಡುತ್ತಾರೆ. ಆ ಸೀಮೆಯ ಒಬ್ಬರನ್ನು ಹುಡುಕಿ ಓದಿಸಿದರೆ ಅದೇ ಪುಸ್ತಕಕ್ಕೆ ಜೀವ ಬರುತ್ತದೆ. ಈಗ ಕಂಪ್ಯೂಟರ್ ದನಿಯಲ್ಲಿ ಬರುವ ಕೆಲವು ಕನ್ನಡ ಪುಸ್ತಕಗಳನ್ನೂ ಕೇಳಿದ್ದೇನೆ. ಅಕ್ಷರ ಸರಿ ಇರುತ್ತದೆ, ನಿಲ್ಲುವ ಜಾಗ ತಪ್ಪಿರುತ್ತದೆ. ಮಾಹಿತಿಯ ಪುಸ್ತಕಕ್ಕೆ ನಡೆಯಬಹುದು, ಕಥೆಗೆ ಬೇಡವೇ ಬೇಡ.

ಪತ್ತೇದಾರಿ ಕಥೆ ಕೇಳಲು ತುಂಬಾ ಚೆನ್ನ. ಕೊನೆಯ ಪುಟ ಕದ್ದು ನೋಡುವ ಹಾಗಿಲ್ಲ, ಹೇಳುವವರ ವೇಗಕ್ಕೇ ನಾವು ನಡೆಯಬೇಕು. 1935ರಲ್ಲಿ ಬ್ರಿಟನ್‌ನಲ್ಲಿ ಕಣ್ಣು ಕಾಣದವರಿಗಾಗಿ ಗ್ರಾಮಫೋನ್ ತಟ್ಟೆಗಳಲ್ಲಿ ಪುಸ್ತಕ ಕಳಿಸಲು ಶುರು ಮಾಡಿದರು. ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗೆ ಇದರಿಂದ ದೊಡ್ಡ ಉಪಕಾರ ಆಯಿತು. ಆಗ ಮೊದಲು ಹೋದ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯವರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಒಂದು. ಒಬ್ಬ ಡಾಕ್ಟರ್ ತಾನೇ ನಿಂತು ಹೇಳುವ ಕಥೆ ಅದು. ಕೇಳುವುದಕ್ಕೆ ಅದಕ್ಕಿಂತ ಒಳ್ಳೆ ಆಯ್ಕೆ ಇರಲಿಲ್ಲ ಅಂತ ನನ್ನ ಅಭಿಪ್ರಾಯ. ಒಂದೇ ಎಚ್ಚರಿಕೆ: ಪತ್ತೇದಾರಿ ಕೇಳುವಾಗ ಮಧ್ಯೆ ಫೋನ್ ಬಂದರೆ ನಿಲ್ಲಿಸಿಬಿಡಿ. ಒಂದು ಸುಳಿವು ತಪ್ಪಿದರೆ ಕೊನೆಯಲ್ಲಿ ಏನೂ ಕೂಡಿಬರುವುದಿಲ್ಲ.

ದೆವ್ವದ ಕಥೆ, ಪ್ರೇಮಕಥೆ ಬೇಕಾದಷ್ಟು ಸಿಗುತ್ತವೆ, ಸುಮ್ನೆ ಕೇಳಿಕೊಂಡು ಹೋಗಬಹುದು. ಕೆಲವು ಆ್ಯಪ್‌ಗಳಲ್ಲಿ ನೂರಾರು ಕಂತಿನ ಧಾರಾವಾಹಿಗಳಿವೆ. ಅವು ಪುಸ್ತಕಗಳಲ್ಲ, ಕಂತಿಗಾಗಿಯೇ ಬರೆದವು. ಎಳೆದ ಹಾಗೆ ಎಳೆಯುತ್ತಲೇ ಹೋಗುತ್ತವೆ. ಮುಂದಿನ ಕಂತಿಗೆ ಮತ್ತೆ ದುಡ್ಡು ಕೇಳುವುದೂ ಇದೆ, ನೋಡಿಕೊಳ್ಳಿ. ಹಾಸ್ಯ ಪೂರ್ತಿ ಓದುವವರ ಮೇಲೆ ನಿಂತಿದೆ. ಅವರೇ ಮೊದಲು ನಕ್ಕುಬಿಟ್ಟರೆ ನಮಗೆ ನಗು ಬರುವುದಿಲ್ಲ. ಜೀವನದಲ್ಲಿ ಮುಂದೆ ಬರುವುದು ಹೇಗೆ ಅನ್ನುವ ಜಾತಿಯ ಪುಸ್ತಕಗಳನ್ನು ಕೇಳುವುದೇ ಸರಿ. ಒಂದೇ ಮಾತನ್ನು ಹತ್ತು ರೀತಿ ಹೇಳಿರುತ್ತಾರೆ, ಒಂದು ಅಧ್ಯಾಯ ತಪ್ಪಿದರೂ ನಷ್ಟ ಇಲ್ಲ.

ಕವಿತೆಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಆಡಿಯೋಬುಕ್ ಹೊರಗಿನಿಂದ ಬಂದ ಸಂಗತಿ ಅಂತ ಕೆಲವರು ಹೇಳುತ್ತಾರೆ. ನಮ್ಮಲ್ಲಿ ಗಮಕ ಇದ್ದದ್ದು ಇನ್ನೇನಕ್ಕೆ? ಓದಲು ಬರದ ಊರಿಗೆ ಊರೇ ಕೂತು ಕುಮಾರವ್ಯಾಸನ ಭಾರತ ಕೇಳುತ್ತಿತ್ತು. ಗಮಕಿ ಷಟ್ಪದಿಯನ್ನು ರಾಗದಲ್ಲಿ ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ರಾಗ ಇದ್ದರೂ ಅದು ಸಂಗೀತ ಕಛೇರಿ ಅಲ್ಲ. ಪದ ಸ್ಪಷ್ಟವಾಗಿ ಕೇಳಬೇಕು, ರಾಗಕ್ಕಾಗಿ ಅರ್ಥವನ್ನು ಮುರಿಯಬಾರದು. ಆರು ಸಾಲು ಕೇಳಿ ಮುಗಿಸುವಷ್ಟರಲ್ಲಿ ವ್ಯಾಖ್ಯಾನ ಬರುತ್ತದೆ, ಕಿವಿಗೆ ಉಸಿರಾಡಲು ಜಾಗ ಸಿಗುತ್ತದೆ. ಹಳೆಯ ಕಾವ್ಯವನ್ನು ಕಿವಿಗೆ ದಾಟಿಸಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ. ನಮ್ಮ ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕಕ್ಕಾಗಿಯೇ 2022ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಗಮಕದ ರೆಕಾರ್ಡಿಂಗ್‌ಗಳು ಯೂಟ್ಯೂಬ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ದುಡ್ಡು ಕೊಟ್ಟು ಆ್ಯಪ್ ತೆಗೆದುಕೊಳ್ಳುವ ಮುಂಚೆ ಅದನ್ನು ಕೇಳಿ. ಕರಾವಳಿಯ ತಾಳಮದ್ದಳೆಯೂ ಹೀಗೆಯೇ. ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಕೂತು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಬಿಡಿ ಪದ್ಯಗಳಿಗೆ ಮಾತ್ರ ಬೇರೆ ಲೆಕ್ಕ. ಡಿವಿಜಿಯವರ ಕಗ್ಗದಲ್ಲಿ 945 ಪದ್ಯಗಳಿವೆ. ಅವನ್ನು ಬಿಡುವಿಲ್ಲದೆ ಒಂದರ ಹಿಂದೆ ಒಂದು ಹಾಕಿದರೆ ಯಾವುದೂ ಉಳಿಯುವುದಿಲ್ಲ. ಒಂದು ಕೇಳಿ, ನಿಲ್ಲಿಸಿ, ಕುಚ್ಚಿನ ಒಂದು ಸಾಲು ಮುಗಿಸಿ, ಮತ್ತೆ ಅದನ್ನೇ ಕೇಳುವುದು ನನ್ನ ಪದ್ಧತಿ. ವಚನಗಳನ್ನೂ ಹಾಗೆಯೇ.

ಇತಿಹಾಸ, ವಿಜ್ಞಾನ, ಆರ್ಥಿಕತೆಯ ಪುಸ್ತಕಗಳಿಗೆ ನಿಮ್ಮ ಎರಡನೇ ಪ್ರಶ್ನೆ ತಗುಲುತ್ತದೆ. ಇದರ ಬಗ್ಗೆ ಅಮೆರಿಕದಲ್ಲಿ ಅಧ್ಯಯನ ಮಾಡಿದ್ದಾರೆ. 2016ರಲ್ಲಿ ಪ್ರಕಟವಾದ ಒಂದರಲ್ಲಿ, ಎರಡನೇ ಮಹಾಯುದ್ಧದ ಒಬ್ಬ ಯೋಧನ ಜೀವನಕಥೆಯ ಭಾಗಗಳನ್ನು ಕೆಲವರಿಗೆ ಓದಲು ಕೊಟ್ಟರು, ಕೆಲವರಿಗೆ ಕೇಳಿಸಿದರು, ಇನ್ನು ಕೆಲವರು ಎರಡನ್ನೂ ಒಟ್ಟಿಗೆ ಮಾಡಿದರು. ಆಮೇಲೆ ಪ್ರಶ್ನೆ ಕೇಳಿದಾಗ ಮೂರು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡು ವಾರ ಬಿಟ್ಟು ಕೇಳಿದಾಗಲೂ ಅಷ್ಟೇ. 2010ರ ಇನ್ನೊಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಪಾಠದ ಲೇಖನ ಕೊಟ್ಟಿದ್ದರು. ಅದನ್ನು ಪಾಡ್‌ಕಾಸ್ಟ್ ಆಗಿ ಕೇಳಿಕೊಂಡು ಬಂದವರು ಓದಿಕೊಂಡು ಬಂದವರಿಗಿಂತ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಒಂದರಲ್ಲಿ ಇದ್ದದ್ದು ಒಬ್ಬ ಮನುಷ್ಯನ ಕಥೆ, ಇನ್ನೊಂದರಲ್ಲಿ ಪಾಠ. ನನ್ನ ಅನುಭವವೂ ಇದಕ್ಕೇ ಹೊಂದುತ್ತದೆ. ಒಬ್ಬ ರಾಜನ, ಒಬ್ಬ ವಿಜ್ಞಾನಿಯ ಬದುಕಿನ ಕಥೆ ಆರಾಮಾಗಿ ಕೇಳಬಹುದು. ಇಸವಿ, ಕೋಷ್ಟಕ, ನಕ್ಷೆ, ಅಡಿಟಿಪ್ಪಣಿ ಇರುವ ಪುಸ್ತಕವನ್ನು ಕೊಂಡು ಓದಿ, ಪೆನ್ಸಿಲ್ ಹಿಡಿದುಕೊಂಡು ಓದಿ. ಪರೀಕ್ಷೆಗೆ ಓದುವವರಾದರೆ ಇದರಲ್ಲಿ ಎರಡು ಮಾತೇ ಇಲ್ಲ.

ಕೈಕೆಲಸವನ್ನೂ ನೋಡಬೇಕು. ಅಳತೆ ಹಾಕಿ ಬಟ್ಟೆ ಕತ್ತರಿಸುವಾಗ ನಾನು ಏನನ್ನೂ ಕೇಳುವುದಿಲ್ಲ. ಮೆಷಿನ್ ತುಳಿಯುವಾಗ ಗೊತ್ತಿರುವ ಕಥೆ, ಗಟ್ಟಿ ದನಿ ಇರಬೇಕು. ಹೆಮ್ಮಿಂಗ್, ಹುಕ್ಸ್, ಕುಚ್ಚಿನ ಹೊತ್ತಿಗೆ ಎಂಥ ಕಾದಂಬರಿಯಾದರೂ ಸರಿ, ಬೆರಳು ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಹಿನ್ನೆಲೆ ಸಂಗೀತ ತುಂಬಿದ ರೆಕಾರ್ಡಿಂಗ್ ನನಗೆ ಎಲ್ಲೂ ಆಗುವುದಿಲ್ಲ. ವಾಕ್ಯದ ಕೆಳಗೆ ಕೊಳಲು ಬಾರಿಸುತ್ತಿದ್ದರೆ ವಾಕ್ಯ ಎಲ್ಲಿ ಕೇಳುತ್ತದೆ?

ವೇಗದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳಿ ಬೇಗ ಮುಗಿಸಿ ಅಂತ ಸಲಹೆ ಕೊಡುವವರು ಬಹಳ ಇದ್ದಾರೆ. ಕನ್ನಡ ಪುಸ್ತಕಕ್ಕೆ ಹಾಗೆ ಮಾಡಬೇಡಿ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೋದರಾ, ಹೋಗಲಿಲ್ಲವಾ ಅನ್ನುವುದು ಆ ಕೊನೆಯ ಪದದಲ್ಲೇ ಇರುತ್ತದೆ. ವೇಗದಲ್ಲಿ ಅದು ಮುಂದಿನ ವಾಕ್ಯದೊಳಗೆ ಹೋಗಿಬಿಡುತ್ತದೆ.

ಕೊಳ್ಳುವಾಗ ಒಟ್ಟು ಅವಧಿ ನೋಡಿ. ನಾನೂರು ಪುಟದ ಕಾದಂಬರಿ ಪೂರ್ತಿ ಓದಿದರೆ ಹತ್ತು ಗಂಟೆಗಿಂತ ಜಾಸ್ತಿ ಆಗುತ್ತದೆ. ಎರಡು ಗಂಟೆಯಲ್ಲಿ ಮುಗಿದರೆ ಅದು ಪುಸ್ತಕವಲ್ಲ, ಸಾರಾಂಶ. ಸ್ಯಾಂಪಲ್ ಐದು ನಿಮಿಷ ಕೇಳಿ. ದನಿ ಇಷ್ಟವಾಗದಿದ್ದರೆ ಪುಸ್ತಕ ಎಷ್ಟೇ ದೊಡ್ಡವರದ್ದಾದರೂ ಬೇಡ, ಅದನ್ನು ಅಚ್ಚಿನಲ್ಲೇ ಓದಿ.

ನಿಮ್ಮ ಬಸ್ಸಿನ ಒಂದು ಗಂಟೆಗೆ ಹೀಗೆ ಮಾಡಬಹುದು. ಸೀಟು ಸಿಕ್ಕುವ ದಿನಕ್ಕೆ ಬರೆದವರೇ ಓದಿದ ಒಂದು ಆತ್ಮಕಥೆ ಇಟ್ಟುಕೊಳ್ಳಿ. ನಿಂತು ಹೋಗುವ ದಿನ ಗಮನ ಚದುರುತ್ತದೆ. ಅವತ್ತಿಗೆ ಇಪ್ಪತ್ತು ನಿಮಿಷದ ಸಣ್ಣಕಥೆಗಳು ಸಾಕು, ಇಳಿಯುವ ಮೊದಲು ಒಂದೆರಡಾದರೂ ಪೂರ್ತಿ ಮುಗಿಯುತ್ತವೆ. ದೊಡ್ಡ ಕಾದಂಬರಿಗೆ ಆಮೇಲೆ ಬನ್ನಿ. ಯಾವ ಬಗೆಯ ಕಥೆ ಇಷ್ಟ ಅಂತ ತಿಳಿಸಿದರೆ ನಾನು ಕೇಳಿದವುಗಳಲ್ಲಿ ಒಳ್ಳೆ ದನಿಯವು ಯಾವುವು ಅಂತ ಹೇಳುತ್ತೇನೆ.