ಗಡಿಗೆ ನೀರು, ಗ್ಯಾಸ್ ಸಿಲಿಂಡರ್, ಮೆತ್ತಗಾಗುವ ಡಾಂಬರು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಲಿನ ಸುತ್ತಲೇ ಇವೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಮೇ ತಿಂಗಳು ಕಂಡವರಿಗೆ ಇದೇನೂ ಆಶ್ಚರ್ಯ ಅಲ್ಲ. ಎಲ್ಲ ಪ್ರಶ್ನೆಗಳ ಹಿಂದೆ ಒಂದು ನಂಬಿಕೆ ಕಾಣುತ್ತದೆ. ಗಟ್ಟಿ, ದ್ರವ, ಅನಿಲ ಅನ್ನೋದು ಆಯಾ ವಸ್ತುವಿನ ಹುಟ್ಟುಗುಣ, ನೀರು ಅಂದರೆ ದ್ರವ, ಕಬ್ಬಿಣ ಅಂದರೆ ಗಟ್ಟಿ, ಗ್ಯಾಸ್ ಅಂದರೆ ಗ್ಯಾಸ್ ಅಂತ. ಹಾಗಿಲ್ಲ. ಅದನ್ನು ತೀರ್ಮಾನ ಮಾಡೋದು ಉಷ್ಣತೆ ಮತ್ತು ಒತ್ತಡ. ಇದೊಂದು ತಲೆಯಲ್ಲಿ ಕೂತರೆ ಕೆಳಗಿನ ಬಹಳಷ್ಟು ಉತ್ತರ ನಿಮಗೇ ಹೊಳೆಯುತ್ತದೆ.

ನಮ್ಮ ಮಣ್ಣಿನ ಗಡಿಗೆ ಹೋದ ವರ್ಷ ನೀರನ್ನು ಚೆನ್ನಾಗಿ ತಣ್ಣಗೆ ಮಾಡುತ್ತಿತ್ತು, ಈ ಬೇಸಿಗೆಯಲ್ಲಿ ಮಾಡುತ್ತಿಲ್ಲ. ಕೂಲರ್ ಕೂಡ ಮೇ ತಿಂಗಳಲ್ಲಿ ತಂಪು ಕೊಡುತ್ತದೆ, ಮಳೆ ಶುರುವಾದರೆ ಬರೀ ಸೆಕೆ. ಯಾಕೆ? (ಮಾನ್ವಿಯಿಂದ)

ಎರಡಕ್ಕೂ ಕಾರಣ ಒಂದೇ. ಗಡಿಗೆ ಎಲ್ಲಿಂದಲೋ ತಂಪು ತರುವುದಿಲ್ಲ, ನೀರಿನಲ್ಲಿರುವ ಬಿಸಿಯನ್ನು ಹೊರಗೆ ಕಳಿಸುತ್ತದೆ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ. ಅವುಗಳಿಂದ ನೀರು ಜಿನುಗಿ ಹೊರಮೈಗೆ ಬರುತ್ತದೆ, ಗಾಳಿ ತಾಗಿ ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು. ಒಲೆ ಹಚ್ಚದಿದ್ದರೂ ಬೇಕು. ಆ ಶಾಖವನ್ನು ಅದು ಗಡಿಗೆಯಿಂದ, ಗಡಿಗೆ ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ.

ಎಷ್ಟು ಎಳೆದುಕೊಳ್ಳುತ್ತದೆ ಅನ್ನೋದೇ ಇಲ್ಲಿ ಮುಖ್ಯ. ನಮ್ಮ ಬೇಸಿಗೆಯ ಉಷ್ಣತೆಯಲ್ಲಿ 1 ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಅದೇ 1 ಗ್ರಾಂ ನೀರನ್ನು 1 ಡಿಗ್ರಿ ಇಳಿಸಲು ತೆಗೆಯಬೇಕಾದ್ದು ಬರೀ 4.2 ಜೂಲ್. ಅಂದರೆ 10 ಲೀಟರ್ ಗಡಿಗೆಯಿಂದ ಒಂದು ಲೋಟ, ಸುಮಾರು 200 ಮಿಲಿ, ಆವಿಯಾಗಿ ಹೋದರೆ ಉಳಿದ ನೀರನ್ನು 11 ಡಿಗ್ರಿಯಷ್ಟು ಇಳಿಸುವ ಶಾಖ ಹೋದ ಹಾಗೆ. ಆದರೆ ಹೊರಗಿನ ಬಿಸಿ ಒಳಗೆ ಬರುತ್ತಲೇ ಇರುತ್ತದೆ ಅಲ್ವಾ, ಅದಕ್ಕೇ ಗಡಿಗೆ ದಿನವಿಡೀ ಜಿನುಗುತ್ತಲೇ ಇರಬೇಕು. ಜಿನುಗುವುದು ನಿಂತರೆ ತಂಪೂ ನಿಂತಿತು.

ನಿಮ್ಮ ಗಡಿಗೆಯ ತೊಂದರೆ ಬಹುಶಃ ಇದೇ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ. ನೀರು ಆವಿಯಾಗಿ ಹೋಗುತ್ತದೆ, ಲವಣ ಹೋಗುವುದಿಲ್ಲ, ರಂಧ್ರದಲ್ಲೇ ಕೂತು ಗಟ್ಟಿಯಾಗುತ್ತದೆ. ಗಡಿಗೆಯ ಹೊರಮೈಯಲ್ಲಿ ಬಿಳಿ ಪುಡಿ ಹಾಗೆ ಕಾಣುತ್ತಿದೆಯಾ ನೋಡಿ. ಕಂಡರೆ ನಿಂಬೆಹಣ್ಣಿನ ರಸ ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ತೆಂಗಿನ ನಾರಿನಿಂದ ಉಜ್ಜಿ, ಆಮೇಲೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸುಣ್ಣದ ಜಾತಿಯ ಪದರ ಹುಳಿಗೆ ಕರಗುತ್ತದೆ. ಸೋಪು ಹಚ್ಚಲೇಬೇಡಿ, ಮಣ್ಣು ಅದನ್ನು ಹೀರಿಕೊಂಡು ನೀರಿಗೆ ವಾಸನೆ ಕೊಡುತ್ತದೆ. ಹೊಸದು ಕೊಳ್ಳುವುದಾದರೆ ಹೊರಗೆ ಪೇಂಟ್ ಬಳಿದು ಮಿರಮಿರ ಹೊಳೆಯುವ ಗಡಿಗೆ ಬೇಡ. ನೋಡಲು ಚೆಂದ, ಆದರೆ ಪೇಂಟ್ ರಂಧ್ರ ಮುಚ್ಚಿಬಿಡುತ್ತದೆ.

ಇನ್ನು ಕೂಲರ್. ಅದರದೂ ಇದೇ ಕೆಲಸ, ಜೊತೆಗೆ ಫ್ಯಾನ್ ಇದೆ. ಎಷ್ಟು ತಂಪಾಗಬಹುದು ಅನ್ನೋದಕ್ಕೆ ಒಂದು ಮಿತಿ ಇದೆ, ಅದನ್ನು ತೀರ್ಮಾನಿಸುವುದು ಗಾಳಿಯ ತೇವಾಂಶ. ಗಾಳಿ 42 ಡಿಗ್ರಿ, ತೇವಾಂಶ ಶೇ 20 ಇದ್ದಾಗ ನೀರು ಆವಿಯಾಗುತ್ತಾ ಸುಮಾರು 24 ಡಿಗ್ರಿವರೆಗೆ ಇಳಿಯಬಲ್ಲದು. ನಮ್ಮ ಒಣ ಬೇಸಿಗೆ ಇಂಥದ್ದು. ಕರಾವಳಿಯ ಕಡೆ 33 ಡಿಗ್ರಿ, ಶೇ 70 ತೇವಾಂಶ ಅಂದುಕೊಳ್ಳಿ. ಅಲ್ಲಿ 28ರ ಹತ್ತಿರವೇ ನಿಂತುಬಿಡುತ್ತದೆ. ಮಳೆ ಬಂದ ಮೇಲೆ ನಮ್ಮೂರಿನ ಗಾಳಿಯೂ ಹಾಗೇ ಆಗುತ್ತದೆ, ಆಗ ಕೂಲರ್‌ನಲ್ಲಿ ನೀರು ಹಾಕದೆ ಬರೀ ಫ್ಯಾನ್ ಓಡಿಸಿ. ಬೇಸಿಗೆಯಲ್ಲೂ ಒಂದು ಮಾತು: ಕೂಲರ್ ಹಾಕಿ ಕಿಟಕಿ ಬಾಗಿಲು ಎಲ್ಲ ಮುಚ್ಚುವವರು ಬಹಳ ಜನ ಇದ್ದಾರೆ. ಮುಚ್ಚಿದ ಕೋಣೆಯಲ್ಲಿ ತೇವಾಂಶ ಏರುತ್ತಾ ಹೋಗುತ್ತದೆ, ಅರ್ಧ ಗಂಟೆಯಲ್ಲಿ ನಿಮ್ಮ ಮನೆಯೊಳಗೇ ಕರಾವಳಿ ಹವೆ. ಎದುರಿನ ಕಿಟಕಿ ಒಂದಿಷ್ಟು ತೆಗೆದಿಡಿ.

ಅನ್ನ ಕುದಿ ಬಂದ ಮೇಲೂ ಉರಿ ದೊಡ್ಡದಿಟ್ಟರೆ ಬೇಗ ಬೇಯುತ್ತದೆಯಾ? (ಗಂಗಾವತಿಯಿಂದ)

ಇಲ್ಲ. ನೀರು ಕುದಿಯಲು ಶುರುವಾದ ಮೇಲೆ ಉಷ್ಣತೆ ಏರುವುದೇ ಇಲ್ಲ. ನೀವು ಕೊಡುವ ಹೆಚ್ಚಿನ ಶಾಖ ಪೂರ್ತಿ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಅಕ್ಕಿ ಬೇಯುವುದು ಉಷ್ಣತೆಗೆ, ಗುಳ್ಳೆಗಳ ಅಬ್ಬರಕ್ಕೆ ಅಲ್ಲ. 1 ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಗೆ ತರಲು ಎಷ್ಟು ಶಾಖ ಬೇಕೋ, ಅಷ್ಟೂ ನೀರನ್ನು ಆವಿ ಮಾಡಿ ಹಾರಿಸಲು ಅದರ ಸುಮಾರು ಎಂಟು ಪಟ್ಟು ಬೇಕು. ಕುದಿ ಬಂದ ತಕ್ಷಣ ಉರಿ ಸಣ್ಣ ಮಾಡಿ ಮುಚ್ಚಳ ಹಾಕಿ, ಗ್ಯಾಸ್ ಉಳಿಯುತ್ತದೆ. ಬೇಗ ಬೇಯಲೇಬೇಕು ಅಂದರೆ ಒತ್ತಡ ಏರಿಸಬೇಕು. ಕುಕ್ಕರ್ ಮಾಡುವುದು ಅದನ್ನೇ, ಒಳಗೆ ನೀರು 120 ಡಿಗ್ರಿ ಹತ್ತಿರ ಹೋಗಿ ಕುದಿಯುತ್ತದೆ.

ಸಿಲಿಂಡರ್ ಅಲುಗಾಡಿಸಿದರೆ ಒಳಗೆ ನೀರಿನ ಹಾಗೆ ಸದ್ದು ಬರುತ್ತದೆ. ಗ್ಯಾಸ್ ಅಂತ ಹೇಳಿ ನೀರು ತುಂಬಿ ಮೋಸ ಮಾಡುತ್ತಿದ್ದಾರಾ? (ಕೊಪ್ಪಳದಿಂದ)

ಮೋಸ ಅಲ್ಲ, ಅದು ಗ್ಯಾಸೇ, ದ್ರವವಾಗಿದೆ. ಅಡುಗೆ ಗ್ಯಾಸ್‌ನಲ್ಲಿ ಮುಖ್ಯವಾಗಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್. ತೆರೆದ ಗಾಳಿಯಲ್ಲಿ ಪ್ರೊಪೇನ್ ಮೈನಸ್ 42 ಡಿಗ್ರಿಗೇ ಕುದಿಯುತ್ತದೆ, ಬ್ಯೂಟೇನ್ ಸೊನ್ನೆಗಿಂತ ಒಂಚೂರು ಕೆಳಗೆ. ಹಾಗಾಗಿ ನಮ್ಮ ಊರಲ್ಲಿ ಹೊರಗೆ ಬಿಟ್ಟರೆ ಎರಡೂ ಅನಿಲವೇ. ಒತ್ತಿದರೆ ದ್ರವ. ದ್ರವ ಆದಾಗ ಜಾಗ ಸುಮಾರು 250 ಪಟ್ಟು ಕಡಿಮೆ ಆಗುತ್ತದೆ, ಇಲ್ಲದಿದ್ದರೆ 14.2 ಕೆಜಿ ಗ್ಯಾಸ್ ಆ ಸಣ್ಣ ಸಿಲಿಂಡರ್‌ನಲ್ಲಿ ಹಿಡಿಸುವ ಮಾತೇ ಇರಲಿಲ್ಲ. ನೀವು ಸ್ಟವ್ ತಿರುಗಿಸಿದಾಗ ಮೇಲಿನ ಅನಿಲ ಹೊರಗೆ ಬರುತ್ತದೆ, ಒತ್ತಡ ಸ್ವಲ್ಪ ಇಳಿಯುತ್ತದೆ, ಕೆಳಗಿನ ದ್ರವ ಒಂದಿಷ್ಟು ಆವಿಯಾಗಿ ಆ ಜಾಗ ತುಂಬುತ್ತದೆ.

ಇದರಿಂದ ಕೆಲವು ಕೆಲಸದ ಮಾತುಗಳಿವೆ. ಮೊದಲನೆಯದು, ಸಿಲಿಂಡರ್ ಅಡ್ಡ ಮಲಗಿಸಿ ಯಾವತ್ತೂ ಒಲೆ ಹಚ್ಚಬೇಡಿ. ಅನಿಲದ ಬದಲು ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ, ಅದು ಹೊರಗೆ ಬಂದು 250 ಪಟ್ಟು ಹಿಗ್ಗಿದರೆ ಉರಿ ನಿಮ್ಮ ಕೈ ಮೀರುತ್ತದೆ. ಗ್ಯಾಸ್ ಮುಗಿಯುತ್ತಾ ಬಂದಾಗ ಸಿಲಿಂಡರ್ ಮಲಗಿಸಿ ಕೊನೆಯ ಹನಿವರೆಗೂ ಉರಿಸುವ ಅಭ್ಯಾಸ ಕೆಲವು ಹೋಟೆಲ್‌ಗಳಲ್ಲಿ ಇದೆ, ದಯವಿಟ್ಟು ಬಿಡಿ. ಎರಡನೆಯದು, ಬಿಸಿಲಲ್ಲಿ ಇಡಬೇಡಿ. ಉಷ್ಣತೆ ಏರಿದ ಹಾಗೆ ಒಳಗಿನ ಒತ್ತಡವೂ ಏರುತ್ತದೆ, ದ್ರವವೂ ಹಿಗ್ಗುತ್ತದೆ. ಅದಕ್ಕೇ ಸಿಲಿಂಡರ್ ಅನ್ನು ಬಾಯಿವರೆಗೆ ತುಂಬದೆ ಮೇಲೆ ಜಾಗ ಬಿಟ್ಟಿರುತ್ತಾರೆ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಹರಡಿ ಮೂಲೆಯಲ್ಲಿ ಕೂರುತ್ತದೆ. ವಾಸನೆ ಬಂದರೆ ಫ್ಯಾನ್ ಸ್ವಿಚ್ ಮುಟ್ಟಬೇಡಿ, ಬಾಗಿಲು ತೆಗೆಯಿರಿ. ಇನ್ನು ಗ್ಯಾಸ್ ಎಷ್ಟು ಉಳಿದಿದೆ ನೋಡಬೇಕಾ? ಒದ್ದೆ ಬಟ್ಟೆಯಿಂದ ಸಿಲಿಂಡರ್ ಮೈ ಉದ್ದಕ್ಕೆ ಒರೆಸಿ. ದ್ರವ ಇರುವ ಕಡೆ ತೇವ ಆರುವುದು ತಡ, ಖಾಲಿ ಭಾಗ ಬೇಗ ಆರುತ್ತದೆ. ನಡುವಿನ ಗೆರೆ ಕಣ್ಣಿಗೇ ಕಾಣುತ್ತದೆ.

ಹಾಗಾದರೆ ಆಟೋಗಳಿಗೆ ಹಾಕುವ ಸಿಎನ್‌ಜಿಯನ್ನೂ ಹೀಗೇ ದ್ರವ ಮಾಡಬಹುದಲ್ಲ ಅಂತ ಇನ್ನೊಬ್ಬರು ಕೇಳಿದ್ದಾರೆ. ಆಗುವುದಿಲ್ಲ, ಕಾರಣ ಸೊಗಸಾಗಿದೆ. ಪ್ರತಿ ಅನಿಲಕ್ಕೂ ಒಂದು ಕ್ರಿಟಿಕಲ್ ಉಷ್ಣತೆ ಇದೆ. ಅದಕ್ಕಿಂತ ಮೇಲೆ ನೀವು ಎಷ್ಟೇ ಒತ್ತಿದರೂ ಅದು ದ್ರವ ಆಗುವುದಿಲ್ಲ. ಪ್ರೊಪೇನ್‌ಗೆ ಅದು ಸುಮಾರು 97 ಡಿಗ್ರಿ, ಬ್ಯೂಟೇನ್‌ಗೆ 152. ರಾಯಚೂರಿನ ಬಿಸಿಲು ಎಷ್ಟು ಸುಟ್ಟರೂ ಅಲ್ಲಿಗೆ ಹೋಗುವುದಿಲ್ಲ, ಹಾಗಾಗಿ ಬರೀ ಒತ್ತಡ ಸಾಕು. ಸಿಎನ್‌ಜಿಯಲ್ಲಿರುವ ಮೀಥೇನ್‌ಗೆ ಅದು ಮೈನಸ್ 82. ನಮ್ಮ ಊರಲ್ಲಿ ಒತ್ತಿ ಒತ್ತಿ ಗಾಳಿಯ ಒತ್ತಡದ 200 ಪಟ್ಟು ಮಾಡಿದರೂ ಅದು ಅನಿಲವಾಗಿಯೇ ಉಳಿಯುತ್ತದೆ, ಅದಕ್ಕೇ ಅದರ ಸಿಲಿಂಡರ್ ಅಷ್ಟು ದಪ್ಪ ಗೋಡೆಯದ್ದು.

ಆಮ್ಲಜನಕವೂ ಹಾಗೇ, ಅದರ ಮಿತಿ ಮೈನಸ್ 118. ಆಸ್ಪತ್ರೆಯ ಉದ್ದನೆಯ ಸಿಲಿಂಡರ್‌ನಲ್ಲಿ ಇರುವುದು ಒತ್ತಿದ ಅನಿಲ. ದ್ರವ ಬೇಕಾದರೆ ಮೈನಸ್ 183 ಡಿಗ್ರಿ ಹತ್ತಿರ ತಣಿಸಿ, ನಡುವೆ ನಿರ್ವಾತ ಇರುವ ಎರಡು ಗೋಡೆಯ ಟ್ಯಾಂಕ್‌ನಲ್ಲಿ ಇಡಬೇಕು. 2021ರ ಕೋವಿಡ್ ಎರಡನೇ ಅಲೆಯಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರ್‌ಗಳಲ್ಲಿ ಹೋಗಿದ್ದು ಇಂಥ ದ್ರವ ಆಮ್ಲಜನಕ. 1 ಲೀಟರ್ ದ್ರವ ಬೆಚ್ಚಗಾದರೆ ಸುಮಾರು 860 ಲೀಟರ್ ಅನಿಲ. ಆ ದಿನಗಳಲ್ಲಿ ಒಂದು ಟ್ಯಾಂಕರ್ ತಲುಪುವುದಕ್ಕೆ ಊರೂರುಗಳು ಯಾಕೆ ಕಾದು ಕೂತಿದ್ದವು ಅನ್ನೋದು ಈ ಒಂದು ಅಂಕಿಯಲ್ಲೇ ಇದೆ. ಉಕ್ಕಿನ ಕಾರ್ಖಾನೆಗೆ ಆಮ್ಲಜನಕ ಯಾಕೆ ಅಂದರೆ, ಕರಗಿದ ಕಬ್ಬಿಣದಲ್ಲಿ ಉಳಿದ ಇಂಗಾಲವನ್ನು ಸುಟ್ಟು ತೆಗೆಯಲು. ಅದನ್ನು ಗಾಳಿಯಿಂದಲೇ ಬೇರೆ ಮಾಡುತ್ತಾರೆ. ಗಾಳಿಯನ್ನು ತಣಿಸಿ ದ್ರವ ಮಾಡಿ ಮೆಲ್ಲಗೆ ಕುದಿಸಿದರೆ ಸಾರಜನಕ ಮೈನಸ್ 196ಕ್ಕೆ ಮೊದಲು ಹೋಗುತ್ತದೆ, ಆಮ್ಲಜನಕ ಹಿಂದೆ ಉಳಿಯುತ್ತದೆ. ಒಂದೇ ಕಾಂಪೌಂಡಿನೊಳಗೆ 1,400 ಡಿಗ್ರಿ ದಾಟಿದ ಕಬ್ಬಿಣವೂ ದ್ರವ, ಮೈನಸ್ 183ರ ಆಮ್ಲಜನಕವೂ ದ್ರವ.

ಶಕ್ತಿನಗರದ ಥರ್ಮಲ್ ಪ್ಲಾಂಟ್‌ನ ದಪ್ಪ ಗೋಪುರಗಳಿಂದ ಬರುವ ಬಿಳಿ ಹೊಗೆ ಉಸಿರಾಟಕ್ಕೆ ಕೆಟ್ಟದ್ದಾ? (ರಾಯಚೂರಿನಿಂದ)

ಆ ದಪ್ಪ ಗೋಪುರಗಳು ಪ್ಲಾಂಟ್‌ನ ಬಿಸಿ ನೀರನ್ನು ತಣಿಸುವಂಥವು. ಅವುಗಳ ಬಿಳಿ ಮೋಡ ಹೊಗೆ ಅಲ್ಲ. ಹಬೆಯೂ ಅಲ್ಲ. ಅದು ಸಣ್ಣ ಸಣ್ಣ ನೀರಿನ ಹನಿ, ಅಂದರೆ ದ್ರವ. ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ಕುಕ್ಕರ್ ಸೀಟಿ ಹೊಡೆಯುವಾಗ ದೂರದಿಂದ ನೋಡಿ: ಬಾಯಿಗೆ ಅಂಟಿದ ಹಾಗೆ ಸ್ವಲ್ಪ ಜಾಗ ಖಾಲಿ ಕಾಣುತ್ತದೆ, ಆಮೇಲೆ ಬಿಳಿ ಶುರು. ಆ ಖಾಲಿ ಜಾಗದಲ್ಲಿರುವುದೇ ಹಬೆ, ಸುಡುವುದೂ ಅಲ್ಲೇ ಜಾಸ್ತಿ, ಕೈ ಒಡ್ಡಬೇಡಿ. ಗೋಪುರದ ಮೋಡ ಚಳಿಗಾಲದ ಬೆಳಿಗ್ಗೆ ದೊಡ್ಡದಾಗಿ, ಮೇ ಮಧ್ಯಾಹ್ನ ಸಣ್ಣದಾಗಿ ಕಾಣುವುದಕ್ಕೂ ಗಡಿಗೆಯ ಲೆಕ್ಕವೇ ಕಾರಣ. ಒಣ ಬಿಸಿ ಗಾಳಿ ಹನಿಗಳನ್ನು ಬೇಗ ಕುಡಿದುಬಿಡುತ್ತದೆ. ಕಲ್ಲಿದ್ದಲು ಸುಟ್ಟ ಅನಿಲ, ಬೂದಿಯ ಕಣ ಬರುವುದು ಪಕ್ಕದ ಸಪೂರ, ಎತ್ತರದ ಚಿಮಣಿಯಿಂದ. ಅದರಿಂದ ಏನೂ ಕಾಣದ ದಿನವೂ ಗಂಧಕದ ಡೈಆಕ್ಸೈಡ್‌ನಂಥ ಅನಿಲ ಹೊರಬೀಳುತ್ತಿರುತ್ತದೆ. ನಿಮ್ಮ ಚಿಂತೆ ಸರಿ, ನೋಡಬೇಕಾದ ಗೋಪುರ ಬೇರೆ.

ಬೇಸಿಗೆಯಲ್ಲಿ ಡಾಂಬರು ರಸ್ತೆ ಕರಗಿ ಚಪ್ಪಲಿಗೆ ಅಂಟುತ್ತದೆ. ಡಾಂಬರು ಎಷ್ಟು ಡಿಗ್ರಿಗೆ ಕರಗುತ್ತದೆ? (ಸಿರುಗುಪ್ಪದಿಂದ)

ಒಂದೇ ಅಂಕಿ ಕೊಡಲು ಆಗುವುದಿಲ್ಲ, ಯಾಕಂದರೆ ಡಾಂಬರಿಗೆ ಕರಗುವ ಬಿಂದು ಅನ್ನೋದೇ ಇಲ್ಲ. ಮಂಜುಗಡ್ಡೆ 0 ಡಿಗ್ರಿಗೆ ಕರಗುತ್ತದೆ, ಹಟ್ಟಿ ಗಣಿಯ ಚಿನ್ನ 1,064ಕ್ಕೆ. ಅಲ್ಲಿ ಕಣಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ, ಆ ಜೋಡಣೆ ಒಂದೇ ಉಷ್ಣತೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಡಾಂಬರಿನಲ್ಲಿ ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳು ಅಡ್ಡಾದಿಡ್ಡಿ ಸೇರಿಕೊಂಡಿವೆ. ಬಿಸಿ ಏರಿದ ಹಾಗೆ ಮೆಲ್ಲಗೆ ಮೆತ್ತಗಾಗುತ್ತಾ ಹೋಗುತ್ತದೆ. ಅದಕ್ಕೇ ಇಂಜಿನಿಯರುಗಳು ಮೆತ್ತಗಾಗುವ ಬಿಂದು ಅಂತ ಇಟ್ಟುಕೊಂಡಿದ್ದಾರೆ, ರಸ್ತೆಗೆ ಬಳಸುವ ಸಾಮಾನ್ಯ ಡಾಂಬರಿಗೆ ಅದು 50 ಡಿಗ್ರಿ ಆಸುಪಾಸು. ಗಾಳಿ 42 ಇದ್ದರೂ ಕಪ್ಪು ರಸ್ತೆ ಬಿಸಿಲು ಹೀರಿ 60 ದಾಟಬಹುದು. ಹಾಗಾಗಿ ಅಂಟುತ್ತದೆ. ಭತ್ತದ ಲೋಡು ಹೊತ್ತ ಲಾರಿ ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಚಕ್ರದ ಕೆಳಗೆ ಗುಂಡಿ ಬೀಳುವುದೂ ಇದಕ್ಕೇ. ಜೋರಾಗಿ ಹೋಗುವ ಲಾರಿಗೆ ಅದು ಗಟ್ಟಿ, ನಿಂತ ಲಾರಿಗೆ ಅದು ದ್ರವ.

ಇದು ಸುಮ್ನೆ ಹೇಳುವ ಮಾತಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಥಾಮಸ್ ಪಾರ್ನೆಲ್ ಅನ್ನುವ ಪ್ರೊಫೆಸರ್, ಸುತ್ತಿಗೆಯಿಂದ ಹೊಡೆದರೆ ಒಡೆದು ಚೂರಾಗುವಂಥ ಪಿಚ್, ಅಂದರೆ ಡಾಂಬರಿನಂಥದ್ದೇ ಕಪ್ಪು ವಸ್ತುವನ್ನು, ಗಾಜಿನ ಆಲಿಕೆಗೆ ತುಂಬಿದರು. 1930ರಲ್ಲಿ ಆಲಿಕೆಯ ಬಾಯಿ ಕತ್ತರಿಸಿದರು. ಒಂಬತ್ತನೇ ಹನಿ ಬಿದ್ದಿದ್ದು 2014ರಲ್ಲಿ. ಜಾರುವುದಕ್ಕೆ ಅದು ಒಡ್ಡುವ ವಿರೋಧ ನೀರಿನದಕ್ಕಿಂತ ಸುಮಾರು 23,000 ಕೋಟಿ ಪಟ್ಟು ಹೆಚ್ಚು ಅಂತ ಲೆಕ್ಕ ಹಾಕಿದ್ದಾರೆ. ಇದನ್ನು ಓದಿ ಗಾಜೂ ಹೀಗೇ ನಿಧಾನವಾಗಿ ಹರಿಯುತ್ತದೆ ಅಂತ ಬರೆಯಬೇಡಿ. ಮನೆಯ ಉಷ್ಣತೆಯಲ್ಲಿ ಗಾಜು ಗಟ್ಟಿಯೇ. ಹಳೇ ಕಿಟಕಿಯ ಗಾಜು ಒಂದು ಕಡೆ ದಪ್ಪ ಇದ್ದರೆ ಅದು ಮಾಡುವಾಗಲೇ ಹಾಗಾಗಿದ್ದು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ದ್ರವ್ಯದ ಸ್ಥಿತಿಗಳು ಮೂರಾ, ನಾಲ್ಕಾ, ಐದಾ? ಒಂದೊಂದು ಗೈಡ್‌ನಲ್ಲಿ ಒಂದೊಂದು ಇದೆ. (ಬಳ್ಳಾರಿಯಿಂದ)

ದಿನನಿತ್ಯ ಕಾಣುವುದು ಮೂರು. ನಾಲ್ಕನೆಯದು ಪ್ಲಾಸ್ಮಾ. ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಬಂದು ಅದು ವಿದ್ಯುತ್ ಹರಿಸುವ ಸ್ಥಿತಿ. ಸೂರ್ಯ, ಮಿಂಚು, ಉರಿಯುತ್ತಿರುವ ಟ್ಯೂಬ್‌ಲೈಟಿನ ಒಳಗು, ವೆಲ್ಡಿಂಗ್ ಮಾಡುವಾಗಿನ ಕಿಡಿಯ ಕಮಾನು, ಇವು ಉದಾಹರಣೆ. ಗ್ಯಾಸ್ ಒಲೆಯ ಉರಿಯನ್ನು ಈ ಪಟ್ಟಿಗೆ ಸೇರಿಸಬೇಡಿ, ಅದು ಬಹುಪಾಲು ಬಿಸಿ ಅನಿಲ.

ಐದನೆಯದು ಬೋಸ್-ಐನ್‌ಸ್ಟೈನ್ ಸಾಂದ್ರಣ. 1924ರಲ್ಲಿ ಢಾಕಾದಲ್ಲಿ ಪಾಠ ಮಾಡುತ್ತಿದ್ದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು ಎಣಿಸುವ ಹೊಸ ವಿಧಾನ ಬರೆದು ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ಪರಮಾಣುಗಳಿಗೆ ವಿಸ್ತರಿಸಿ, ತೀರಾ ತಣ್ಣಗೆ ಮಾಡಿದರೆ ಅವೆಲ್ಲ ಒಂದೇ ಸ್ಥಿತಿಗೆ ಇಳಿಯುತ್ತವೆ ಅಂದರು. ಮಾಡಿ ತೋರಿಸಿದ್ದು 1995ರಲ್ಲಿ, ಅಮೆರಿಕದ ಬೌಲ್ಡರ್‌ನಲ್ಲಿ, ರುಬಿಡಿಯಂ ಪರಮಾಣುಗಳನ್ನು ಮೈನಸ್ 273.15 ಡಿಗ್ರಿಗೆ, ಅಂದರೆ ಅದಕ್ಕಿಂತ ಕೆಳಗೆ ಉಷ್ಣತೆಯೇ ಇಲ್ಲದ ಮಿತಿಗೆ, ತೀರಾ ಹತ್ತಿರ ತಣಿಸಿ. ಪ್ರಶ್ನೆಯಲ್ಲಿ ಬರೀ ‘ಸ್ಥಿತಿಗಳು’ ಅಂತ ಇದ್ದು ಆಯ್ಕೆಯಲ್ಲಿ ಐದು ಇದ್ದರೆ ಐದು ಬರೆಯಿರಿ. ಈ ಸಾಂದ್ರಣವನ್ನು ಮಾಡಿ ತೋರಿಸಿದ್ದಕ್ಕೆ 2001ರ ಭೌತಶಾಸ್ತ್ರ ನೊಬೆಲ್ ಸಿಕ್ಕಿದ್ದು ಎರಿಕ್ ಕಾರ್ನೆಲ್, ಕಾರ್ಲ್ ವೀಮನ್, ವೂಲ್ಫ್‌ಗ್ಯಾಂಗ್ ಕೆಟರ್ಲೆ ಅವರಿಗೆ. ಬೋಸ್ ಅವರಿಗೆ ನೊಬೆಲ್ ಬಂದಿಲ್ಲ, ಕೆಲವು ಗೈಡ್‌ಗಳಲ್ಲಿ ಬಂದಿದೆ ಅಂತ ಅಚ್ಚಾಗಿದ್ದರೆ ತಿದ್ದಿಕೊಳ್ಳಿ.