ಬರಿಗಾಲ ಸೈನ್ಯ, ಮೂರು ಟ್ಯಾಂಕು, ನೀರಿಲ್ಲದ ಯುದ್ಧ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಾವು ಗೆಳೆಯರು ಭಾನುವಾರ ಸೇರಿ ಟೇಬಲ್ ಮೇಲೆ ಪುಟ್ಟ ಗೊಂಬೆ ಸೈನಿಕರನ್ನಿಟ್ಟು ಯುದ್ಧದಾಟ ಆಡುತ್ತೇವೆ. ಜರ್ಮನ್ ಟ್ಯಾಂಕು, ರಷ್ಯನ್ ಟ್ಯಾಂಕು ಆಡಿ ಆಡಿ ಸಾಕಾಗಿದೆ. ಜಾಸ್ತಿ ಜನ ಆಡದ, ಸೈನ್ಯವೂ ಸ್ವಲ್ಪ ಹರಕುಮುರುಕಾಗಿರುವ ಯುದ್ಧ ಯಾವುದಾದರೂ ಇದೆಯಾ? ಖರ್ಚು ಕಡಿಮೆ ಇರಬೇಕು.
(ಓದುಗರು, ವಿಜಯನಗರ)

ಉತ್ತರ: ಇದೆ. ಚಾಕೋ ಯುದ್ಧ ಆಡಿ ನೋಡಿ. 1932ರಿಂದ 1935ರವರೆಗೆ ದಕ್ಷಿಣ ಅಮೆರಿಕದ ಬೊಲಿವಿಯಾ ಮತ್ತು ಪರಾಗ್ವೆ ದೇಶಗಳು ಚಾಕೋ ಎಂಬ ಒಣ ಮುಳ್ಳುಕಾಡಿಗಾಗಿ ಹೊಡೆದಾಡಿದವು. ಅಲ್ಲಿ ನೆಲದಡಿ ಪೆಟ್ರೋಲಿಯಂ ಸಿಗುತ್ತದೆ ಎಂಬ ಆಸೆ ಇತ್ತು. ಬೊಲಿವಿಯಾಕ್ಕೆ ಇನ್ನೊಂದು ಸಂಕಟವೂ ಇತ್ತು: 19ನೇ ಶತಮಾನದಲ್ಲೇ ಚಿಲಿಗೆ ಸೋತು ಸಮುದ್ರ ತೀರ ಕಳೆದುಕೊಂಡಿತ್ತು, ಹಾಗಾಗಿ ಪರಾಗ್ವೆ ನದಿಯ ಮೂಲಕವಾದರೂ ಕಡಲಿಗೆ ದಾರಿ ಬೇಕಿತ್ತು. ಎರಡೂ ಬಡ ದೇಶ. ಪರಾಗ್ವೆ ಸೈನಿಕರಲ್ಲಿ ಎಷ್ಟೋ ಜನರಿಗೆ ಬೂಟೇ ಇರಲಿಲ್ಲ, ಕೈಯಲ್ಲಿ ರೈಫಲ್, ಸೊಂಟದಲ್ಲಿ ಮಚ್ಚು. ಬೊಲಿವಿಯಾದವರು ಆಂಡಿಸ್ ಪರ್ವತದ ಚಳಿಯಲ್ಲಿ ಬೆಳೆದ ಅಯ್ಮಾರಾ, ಕೆಚುವಾ ರೈತರನ್ನು ಹಿಡಿದು ತಂದು ಈ ಬಿಸಿಲಿಗೆ ಹಾಕಿದರು. ಗಾಡಿಗಳು ಕಡಿಮೆ, ಕಾಲಾಳುಗಳೇ ಜಾಸ್ತಿ. ಖರ್ಚಿನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. 15 ಮಿಲಿಮೀಟರ್ ಗೊಂಬೆಗಳು ಸಾಕು. ಅದೂ ಬೇಡ ಅಂದರೆ ಅವೆನ್ಯೂ ರೋಡಿನಲ್ಲಿ ದಪ್ಪ ಕಾರ್ಡ್ ಶೀಟ್ ತಂದು ಕಾಗದದ ಸೈನಿಕರನ್ನು ಕತ್ತರಿಸಿ ನಿಲ್ಲಿಸಿ, ಆಟಕ್ಕೇನೂ ಕೊರತೆ ಆಗುವುದಿಲ್ಲ.

ಪ್ರಶ್ನೆ: ಚಾಕೋದಲ್ಲಿ ಬೊಲಿವಿಯಾ ಪರ ಎಷ್ಟು ಟ್ಯಾಂಕ್ ಇಳಿಸಬಹುದು?
(ಓದುಗರು, ಜಯನಗರ)

ಉತ್ತರ: ಇಡೀ ಯುದ್ಧಕ್ಕೇ ಅವರ ಹತ್ತಿರ ಇದ್ದದ್ದು ಮೂರು ವಿಕರ್ಸ್ ಆರು-ಟನ್ ಟ್ಯಾಂಕು, ಜೊತೆಗೆ ಕಾರ್ಡನ್-ಲಾಯ್ಡ್ ಎಂಬ ಪುಟ್ಟ ಗಾಡಿಗಳು. ಹಾಗಾಗಿ ಒಂದು ಇಳಿಸಿ. ಆ ಕಾಡಿನ ಸೆಕೆಯಲ್ಲಿ ಒಳಗೆ ಕೂತವರ ಗತಿ ಏನಾಗಿರಬೇಡ!

ಪ್ರಶ್ನೆ: ಬೊಲಿವಿಯಾದ ಹತ್ತಿರ ವಿಮಾನ, ಟ್ಯಾಂಕು, ಜರ್ಮನ್ ಜನರಲ್ ಎಲ್ಲಾ ಇತ್ತಲ್ವಾ? ಹಾಗಿದ್ದ ಮೇಲೆ ಪರಾಗ್ವೆ ಆಡುವವನು ಗೆಲ್ಲೋದು ಹೇಗೆ? ನಮ್ಮ ಗುಂಪಿನಲ್ಲಿ ಇದೇ ಜಗಳ. ನೀರಿನ ಲೆಕ್ಕ ಇಡಬೇಕು ಅಂತ ಒಬ್ಬ ಹೇಳುತ್ತಾನೆ, ಆಟ ಕಿರಾಣಿ ಅಂಗಡಿ ಲೆಕ್ಕ ಆಗುತ್ತೆ ಅಂತ ಇನ್ನೊಬ್ಬ.
(ಓದುಗರು, ಮಲ್ಲೇಶ್ವರ)

ಉತ್ತರ: ನೀರು ಎಂದವರ ಪರ ನಾನು. ನೀರನ್ನು ಬಿಟ್ಟು ಚಾಕೋ ಆಡಿದರೆ ಅದು ಸುಮ್ನೆ ಬಟ್ಟೆ ಬದಲಿಸಿದ ಇನ್ನೊಂದು ಯುದ್ಧ, ಅಷ್ಟೇ. 1932ರ ಸೆಪ್ಟೆಂಬರಿನಲ್ಲಿ ಬೊಕೆರಾನ್ ಎಂಬ ಸಣ್ಣ ಠಾಣೆಗೆ ಪರಾಗ್ವೆ ಮೂರು ವಾರ ಮುತ್ತಿಗೆ ಹಾಕಿತು. ಒಳಗಿದ್ದವರಿಗಿಂತ ಹೊರಗಿದ್ದವರು ಎಷ್ಟೋ ಪಟ್ಟು ಜಾಸ್ತಿ, ಆದರೂ ಅವರಿಗೆ ಕುಡಿಯುವ ನೀರು ದೂರದ ಇಸ್ಲಾ ಪೋಯಿಯಿಂದ ಲಾರಿಯಲ್ಲಿ ಬರಬೇಕಿತ್ತು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಫೋನ್ ಮಾಡಿ ಬೀದಿ ತುದಿ ನೋಡುತ್ತಾ ನಿಂತ ನಮ್ಮ ಬೆಂಗಳೂರಿಗರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಗೆಲ್ಲೋದು ಹೇಗೆ ಅಂತ ಕೇಳಿದಿರಿ. 1934ರ ಡಿಸೆಂಬರ್ ನೋಡಿ. ಬೊಲಿವಿಯಾದ ದೊಡ್ಡ ಪಡೆಯೊಂದು ಇರೆಂಡಗ್ವೆಯ ಬಾವಿಗಳನ್ನು ಹಿಂದೆ ಬಿಟ್ಟು ಮುಂದೆ ಹೋಗಿತ್ತು. ಗರಾಯ್ ಎಂಬ ವಯಸ್ಸಾದ ಕರ್ನಲ್ ತನ್ನ ಪರಾಗ್ವೆ ಸೈನಿಕರನ್ನು ಕಾಡಿನೊಳಗಿಂದಲೇ ನಡೆಸಿಕೊಂಡು ಬಂದು ಆ ಬಾವಿಗಳನ್ನು ಹಿಡಿದ. ದಾರಿಯಲ್ಲಿ ಅವರ ನೀರೂ ಮುಗಿಯುತ್ತಾ ಬಂದಿತ್ತು, ಬಾವಿ ಸಿಗದಿದ್ದರೆ ಅವರೇ ಸಾಯುತ್ತಿದ್ದರು. ಬಾವಿ ಹೋದ ಮೇಲೆ ಬೊಲಿವಿಯಾ ಪಡೆ ಚೆಲ್ಲಾಪಿಲ್ಲಿ ಆಯಿತು, ಗುಂಡಿಗಿಂತ ಬಾಯಾರಿಕೆಗೇ ಜನ ಸತ್ತರು. ಒಂದು ಸಂಜೆಯ ಆಟಕ್ಕೆ ಇದಕ್ಕಿಂತ ಒಳ್ಳೆ ಕಥೆ ಬೇಕಾ? ಟೇಬಲ್ಲಿನ ಒಂದು ತುದಿಯಲ್ಲಿ ಎರಡು ಬಾವಿ ಇಡಿ, ಸಣ್ಣದೊಂದು ಕಾವಲು ಪಡೆ ಇಡಿ. ಬೊಲಿವಿಯಾದ ಮುಖ್ಯ ಪಡೆ ಇನ್ನೊಂದು ತುದಿಯಲ್ಲಿ, ಮುಖ ಆಚೆ ಕಡೆಗೆ. ಪರಾಗ್ವೆಯವರು ಪಕ್ಕದ ಕಾಡಿನಿಂದ ಬರಲಿ. ಎಷ್ಟು ಜನರನ್ನು ಕೊಂದಿರಿ ಅನ್ನೋದಕ್ಕೆ ಅಂಕವೇ ಬೇಡ, ಕೊನೆಗೆ ಬಾವಿ ಯಾರದು ಅನ್ನೋದೇ ಗೆಲುವು.

ಇನ್ನು ಕಿರಾಣಿ ಲೆಕ್ಕದ ಭಯ. ಅದೂ ಸುಳ್ಳಲ್ಲ, ಗುಂಡು, ಊಟ, ಪೆಟ್ರೋಲು ಎಲ್ಲದಕ್ಕೂ ಲೆಕ್ಕ ಇಡಲು ಹೋದರೆ ಎರಡನೇ ಸರದಿಗೇ ಎಲ್ಲರೂ ಮೊಬೈಲ್ ನೋಡುತ್ತಾ ಕೂರುತ್ತಾರೆ. ನೀರೊಂದನ್ನೇ ಎಣಿಸಿ. ಪ್ರತಿ ತುಕಡಿಗೆ ಮೂರು ನೀಲಿ ಮಣಿ ಕೊಡಿ, ಎರಡು ಸರದಿಗೆ ಒಂದು ತೆಗೆಯಿರಿ. ಮಣಿ ಮುಗಿದ ತುಕಡಿ ಪ್ರತಿ ಸರದಿಯಲ್ಲೂ ದಾಳ ಹಾಕಬೇಕು: ಒಂದು ಅಥವಾ ಎರಡು ಬಿದ್ದರೆ ಒಬ್ಬ ಸೈನಿಕ ಕುಸಿದ. ನೀರಿನ ಲಾರಿಗೂ ಒಂದು ದಾಳ, ಒಂದು ಬಿದ್ದರೆ ಚಕ್ರ ಮರಳಲ್ಲಿ ಹೂತುಹೋಯಿತು. ಇಷ್ಟೇ. ಆಮೇಲೆ ನೋಡಿ, ವಿಮಾನ ಇದ್ದವನೂ ಲಾರಿಯನ್ನೇ ಕಾಯುತ್ತಾ ಕೂರುತ್ತಾನೆ.

ಜರ್ಮನ್ ಜನರಲ್ ಅಂದಿರಲ್ಲ, ಅವರ ಹೆಸರು ಹಾನ್ಸ್ ಕುಂಟ್. 1933ರಲ್ಲಿ ನನಾವಾ ಎಂಬಲ್ಲಿನ ಪರಾಗ್ವೆಯ ಕೋಟೆಸಾಲಿಗೆ ಎದುರಿನಿಂದಲೇ ಪದೇ ಪದೇ ಸೈನಿಕರನ್ನು ನುಗ್ಗಿಸಿದರು, ಅದು ಜಗ್ಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಪರಾಗ್ವೆಯ ಸೇನಾಪತಿ ಎಸ್ಟಿಗಾರಿಬಿಯಾ ಕಾಂಪೊ ವಿಯಾದಲ್ಲಿ ಬೊಲಿವಿಯಾದ ಎರಡು ಡಿವಿಷನ್‌ಗಳನ್ನು ಸುತ್ತುವರಿದು ಸಾವಿರಾರು ಜನರನ್ನು ಸೆರೆ ಹಿಡಿದರು, ಕುಂಟ್ ಕೆಲಸ ಹೋಯಿತು.

ಪ್ರಶ್ನೆ: ಚಾಕೋ ಕಾಡನ್ನು ಮನೆಯಲ್ಲಿರುವ ಸಾಮಾನಿನಲ್ಲೇ ಮಾಡಬಹುದಾ? ಸೈನಿಕರ ಬಣ್ಣ ಹೇಗೆ?
(ಓದುಗರು, ಕೆಂಗೇರಿ)

ಉತ್ತರ: ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಹರಿದು ಪೊದೆ ಮಾಡಿ, ತೆಂಗಿನ ನಾರು ಸೇರಿಸಿ, ಕುದಿಸಿ ಒಣಗಿಸಿದ ಟೀ ಪುಡಿಯನ್ನು ಫೆವಿಕಾಲ್ ಮೇಲೆ ಉದುರಿಸಿ. ಮರಗಳನ್ನು ಒತ್ತೊತ್ತಾಗಿ ಇಡಿ. ಬಂದೂಕು ದೂರಕ್ಕೆ ಹೊಡೆಯುವ ಜಾಗವೇ ಇರಬಾರದು, ಮಚ್ಚಿನಿಂದ ಕಡಿದ ಕಿರಿದಾದ ದಾರಿಗಳು ಮಾತ್ರ. ನೆಲಕ್ಕೆ ನಮ್ಮ ಕೆಮ್ಮಣ್ಣು ಬೇಡ, ಅಲ್ಲಿನದು ಮಾಸಲು ಬೂದು ಧೂಳು. ಪರಾಗ್ವೆಯವರಿಗೆ ಬೂಟಿರುವ ಗೊಂಬೆ ಸಿಕ್ಕರೆ ಬ್ಲೇಡಿನಿಂದ ಬೂಟಿನ ಅಂಚು ಕೆರೆದು ಮೈಬಣ್ಣವನ್ನೇ ಹಚ್ಚಿ, ಮೇಲೆ ಧೂಳಿನ ಬಣ್ಣ ಒರೆಸಿ. ಬಟ್ಟೆಗಳ ಬಣ್ಣ ಒಬ್ಬರದ್ದು ಇನ್ನೊಬ್ಬರಿಗೆ ಹೊಂದಬಾರದು. ಜೂನ್‌ನಿಂದ ಆಚೆಗೆ ಬಾಲ್ಕನಿಯಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮುಂಚಿನ ಅಡಿಬಣ್ಣ) ಹೊಡೆಯಬೇಡಿ, ತೇವಕ್ಕೆ ಬೆಳ್ಳಗೆ ಪುಡಿಪುಡಿಯಾಗುತ್ತದೆ. ಬ್ರಷ್‌ನಲ್ಲೇ ಹಚ್ಚಿ.