ಉಡುಪಿ ಕಡೆಯ ಕಾಲೇಜಿನಲ್ಲಿ ವೈಲ್ಡರ್‌ನೆಸ್ ಮೆಡಿಸಿನ್ (ಆಸ್ಪತ್ರೆಯಿಂದ ದೂರದ ಕಾಡು-ಬೆಟ್ಟಗಳಲ್ಲಿ ಕೊಡುವ ಚಿಕಿತ್ಸೆ) ಸಂಘ ಶುರು ಮಾಡಬೇಕೆಂದಿದ್ದೇವೆ. ಮೊದಲ ವರ್ಷ ಏನು ಕಲಿಸಬೇಕು, ಕಿಟ್‌ನಲ್ಲಿ ಏನಿರಬೇಕು?

ಕಿಟ್ ಆಮೇಲೆ ನೋಡೋಣ, ಮೊದಲು ಸಿಲೆಬಸ್. ಈ ವಿಷಯದ ಹೆಸರಾಂತ ಸಂಸ್ಥೆ 1983ರಲ್ಲಿ ಅಮೆರಿಕದಲ್ಲಿ ಹುಟ್ಟಿದ ವೈಲ್ಡರ್‌ನೆಸ್ ಮೆಡಿಕಲ್ ಸೊಸೈಟಿ. ಹೊರದೇಶದ ಪಾಠಗಳನ್ನು ಹಾಗೇ ಇಳಿಸಿಕೊಂಡರೆ ನಿಮ್ಮ ಅರ್ಧ ವರ್ಷ ಫ್ರಾಸ್ಟ್‌ಬೈಟ್ (ಹಿಮದ ಚಳಿಗೆ ಮೈ ಹೆಪ್ಪುಗಟ್ಟುವುದು), ಎತ್ತರದ ಕಾಯಿಲೆಗಳಲ್ಲೇ ಕಳೆದುಹೋಗುತ್ತದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2500 ಮೀಟರ್ ದಾಟಿದ ಮೇಲೆ. ಕೊಡಚಾದ್ರಿ 1343 ಮೀಟರ್, ಕುಮಾರ ಪರ್ವತ 1712. ನಮ್ಮ ಘಟ್ಟದಲ್ಲಿ ಆಗುವುದೇ ಬೇರೆ: ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಕಾಲು ಮುರಿಯುವುದು, ಮಳೆಯಲ್ಲಿ ನೆನೆದು ಮೈ ತಣ್ಣಗಾಗುವುದು, ಹಾವು, ಹೆಜ್ಜೇನು, ಉಣ್ಣೆ, ಸಿಡಿಲು. ಕೆಳಗೆ ಬಂದರೆ ಸಮುದ್ರ.

ಹೆಚ್ಚು ಹೊತ್ತು ಕೊಡಬೇಕಾದ್ದು ಕಾಲು ಮುರಿದವರನ್ನು ಹೊತ್ತು ತರುವುದಕ್ಕೆ. ಕ್ಲಾಸ್‌ರೂಮಿನಲ್ಲಿ ಬೆಂಚಿನ ಮೇಲೆ ಕೂತು ಸ್ಪ್ಲಿಂಟ್ (ಮುರಿದ ಕೈಕಾಲು ಅಲ್ಲಾಡದಂತೆ ಕೊಡುವ ಆಧಾರ) ಕಟ್ಟುವುದು ಎಲ್ಲರಿಗೂ ಬರುತ್ತದೆ. ಅದೇ ಡ್ರಿಲ್ ಅನ್ನು ಜೂನ್‌ನಲ್ಲಿ, ಸಂಜೆ ಏಳು ಗಂಟೆಗೆ, ಒದ್ದೆ ಮುರಕಲ್ಲಿನ ಮೇಲೆ ಮಾಡಿಸಿ. ಹತ್ತು ನಿಮಿಷದಲ್ಲಿ ‘ರೋಗಿ’ ನಡುಗಲು ಶುರು ಮಾಡುತ್ತಾರೆ, ಯಾಕೆಂದರೆ ಎಲ್ಲರೂ ಮೇಲೆ ಹೊದಿಸುತ್ತಾರೆ, ಕೆಳಗೆ ಹಾಸುವುದು ಯಾರಿಗೂ ನೆನಪಾಗುವುದಿಲ್ಲ. ಮೈಯ ಬಿಸಿಯನ್ನು ಒದ್ದೆ ನೆಲ ಎಳೆದುಕೊಳ್ಳುತ್ತದೆ. ಮೊದಲು ಟರ್ಪಾಲ್, ಅದರ ಮೇಲೆ ಮ್ಯಾಟ್ ಅಥವಾ ಖಾಲಿ ಮಾಡಿದ ಬ್ಯಾಗ್‌ಗಳು, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ, ಆಮೇಲೆ ಹೊದಿಕೆ. ಸ್ಪ್ಲಿಂಟ್ ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡನ್ನೂ ಹಿಡಿದಿಡಬೇಕು. ಕಟ್ಟುವ ಮೊದಲು ಒಮ್ಮೆ, ಕಟ್ಟಿದ ಮೇಲೆ ಒಮ್ಮೆ ಪಾದದ ನಾಡಿ, ಸ್ಪರ್ಶ, ಬೆರಳಿನ ಚಲನೆ ನೋಡಬೇಕು. ಎರಡನೆಯದನ್ನು ಮರೆಯುವವರೇ ಜಾಸ್ತಿ. ರೆಡಿಮೇಡ್ ಸ್ಪ್ಲಿಂಟ್ ಇಲ್ಲದಿದ್ದರೆ ತೋಟದ ಅಡಿಕೆ ಹಾಳೆ ಚೆನ್ನಾಗಿ ಆಗುತ್ತದೆ. ಒಣ ಹಾಳೆ ಬಾಗಿಸಿದರೆ ಸೀಳುತ್ತದೆ, ನೆನೆಸಿ ಬಾಗಿಸಿ, ಒಳಗೆ ಬಟ್ಟೆಯ ಮೆತ್ತೆ ಕೊಡಿ.

ಸ್ಟ್ರೆಚರ್‌ಗೆ ಎರಡು ಬಿದಿರಿನ ಗಳ, ಎರಡು ಗಟ್ಟಿ ಲುಂಗಿ ಸಾಕು, ಆದರೆ ಮೊದಲು ಗಟ್ಟಿಮುಟ್ಟಾದ ಒಬ್ಬರನ್ನು ಮಲಗಿಸಿ ಎತ್ತಿ ನೋಡಿ. ಒಮ್ಮೆಗೆ ಆರು ಜನ ಹೊರಬೇಕು, ಬದಲಿಗೆ ಇನ್ನಾರು ಜನ ಜೊತೆಗಿರಬೇಕು. ಒಂದು ಗಂಟೆ ನಡೆಯುವ ದಾರಿಗೆ ಹೊತ್ತುಕೊಂಡು ಮೂರು ಗಂಟೆ ಅಂತಲೇ ಲೆಕ್ಕ ಹಾಕಿ. ಹಾಗಾಗಿಯೇ ಸಂಘವನ್ನು ಎಂಬಿಬಿಎಸ್‌ನವರಿಗೆ ಮಾತ್ರ ಸೀಮಿತ ಮಾಡಬೇಡಿ. ನರ್ಸಿಂಗ್, ಫಿಸಿಯೋಥೆರಪಿ, ಎಂಜಿನಿಯರಿಂಗ್‌ನವರೂ ಬರಲಿ. ಘಟ್ಟದಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಇರುವುದಿಲ್ಲ, 108ಕ್ಕೆ ಫೋನ್ ಮಾಡಲು ಇಬ್ಬರು ಕೆಳಗಿಳಿಯಬೇಕು. ಅವರ ಕೈಯಲ್ಲಿ ಚೀಟಿ ಇರಲಿ: ವಯಸ್ಸು, ಏನಾಯಿತು, ಎಷ್ಟು ಹೊತ್ತಿಗೆ, ನಾಡಿ, ಉಸಿರು, ಏನು ಮಾಡಿದ್ದೀರಿ, ವಾಹನ ಎಲ್ಲಿಯವರೆಗೆ ಬರಬಹುದು. ಬಾಯಿಮಾತಿನಲ್ಲಿ ಕಳಿಸಿದರೆ ಅರ್ಧ ದಾರಿಯಲ್ಲೇ ವಿಷಯ ಬದಲಾಗಿರುತ್ತದೆ.

ಹಾವಿನ ವಿಷಯಕ್ಕೆ ಬಂದರೆ, ಆ್ಯಂಟಿವೆನಮ್ (ಹಾವಿನ ವಿಷಕ್ಕೆ ಮದ್ದು) ಬ್ಯಾಗಿನಲ್ಲಿ ಒಯ್ಯೋಣ ಎನ್ನುವ ಒಬ್ಬರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಬೇಡ. ಶುರುವಿಗೇ 8ರಿಂದ 10 ವಯಲ್ ರಕ್ತನಾಳಕ್ಕೆ ಹೋಗಬೇಕು, ಕೊಡುವಾಗಲೇ ತೀವ್ರ ಅಲರ್ಜಿ ಆಗಬಹುದು, ಅದಕ್ಕೆ ಆಸ್ಪತ್ರೆಯೇ ಬೇಕು. ಮೇಲಾಗಿ ನಮ್ಮಲ್ಲಿ ಸಿಗುವ ಪಾಲಿವೇಲೆಂಟ್ (ಹಲವು ಹಾವುಗಳ ವಿಷಕ್ಕೆ ಒಂದೇ) ಔಷಧ ಇರುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಆಗುಂಬೆ ಕಡೆಯ ಕಾಳಿಂಗಕ್ಕಾಗಲಿ ಹಂಪ್ ನೋಸ್ಡ್ ಪಿಟ್ ವೈಪರ್‌ಗಾಗಲಿ ಅಲ್ಲ. ನೀವು ಮಾಡಬೇಕಾದ್ದು ಉಂಗುರ, ಬಳೆ, ವಾಚ್ ತೆಗೆಯುವುದು, ಕೈಕಾಲು ಅಲ್ಲಾಡದಂತೆ ಸ್ಪ್ಲಿಂಟ್ ಹಾಕುವುದು, ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆಯುವುದು, ನಡೆಸದೆ ಹೊತ್ತು ತರುವುದು. ಬಿಗಿದು ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ.

ಹೆಜ್ಜೇನು ಎದ್ದರೆ ಓಡಿ ದೂರ ಹೋಗುವುದೇ ಮೊದಲ ಚಿಕಿತ್ಸೆ. ಆಮೇಲೆ ತೀವ್ರ ಅಲರ್ಜಿಯಿಂದ ಉಸಿರು ಕಟ್ಟಿದರೆ ಅಥವಾ ಬಿಪಿ ಬಿದ್ದರೆ ಅಡ್ರಿನಲಿನ್ 1 ಎಂಎಲ್‌ಗೆ 1 ಮಿಗ್ರಾಂ ಇರುವ ಆಂಪೂಲ್‌ನಿಂದ ದೊಡ್ಡವರಿಗೆ 0.5 ಎಂಎಲ್, ತೊಡೆಯ ಹೊರಬದಿಯ ಸ್ನಾಯುವಿಗೆ. ಸುಧಾರಿಸದಿದ್ದರೆ ಐದು ನಿಮಿಷ ಬಿಟ್ಟು ಮತ್ತೊಮ್ಮೆ. ಇದನ್ನು ಯಾರು, ಯಾವಾಗ ಕೊಡಬಹುದು ಎಂದು ನಿಮ್ಮ ಫ್ಯಾಕಲ್ಟಿ ವೈದ್ಯರಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ನೀವಿನ್ನೂ ನೋಂದಾಯಿತ ವೈದ್ಯರಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಗುಡ್ ಸಮರಿಟನ್ ರಕ್ಷಣೆ ಇರುವುದು ರಸ್ತೆ ಅಪಘಾತಕ್ಕೆ, ಬೆಟ್ಟಕ್ಕಲ್ಲ.

ಸಿಡಿಲಿನಲ್ಲಿ ಟ್ರಯಾಜ್ (ಯಾರನ್ನು ಮೊದಲು ನೋಡಬೇಕೆಂಬ ಕ್ರಮ) ತಿರುಗುಮುರುಗು: ಹಲವರಿಗೆ ಬಡಿದಿದ್ದರೆ ನರಳುತ್ತಿರುವವರನ್ನು ಬಿಟ್ಟು ಸತ್ತಂತೆ ಬಿದ್ದವರ ಕಡೆ ಮೊದಲು ಹೋಗಿ. ಹೃದಯ ತಾನಾಗಿ ಮತ್ತೆ ಶುರುವಾದರೂ ಉಸಿರು ನಿಂತೇ ಇರಬಹುದು, ಅದನ್ನು ನೀವು ಕೊಡಬೇಕು. ಮಲ್ಪೆಯಲ್ಲಿ ಮುಳುಗಿದವರಿಗೂ ಉಸಿರು ಕೊಡುವುದೇ ಮೊದಲು, ಹೊಟ್ಟೆ ಒತ್ತಿ ನೀರು ಹೊರಡಿಸುವುದಲ್ಲ.

ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡಿಗೆ ಹೋದರೆ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ನೆನಪಿರಲಿ. ಉಣ್ಣೆ ಕಚ್ಚಿದ್ದರೆ ಚೂಪು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಮುಂದಿನ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು. ಇಂಬಳದ ಬಗ್ಗೆ ಎಲ್ಲರೂ ಕಿರುಚುತ್ತಾರೆ, ಅದರಿಂದ ಆಗುವುದು ಅಷ್ಟಕ್ಕಷ್ಟೆ. ಗಾಯ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ.

ಇನ್ನು ಕಿಟ್. ಹನ್ನೆರಡು ಜನಕ್ಕೆ ಒಂದು ಸಾಕು: ಗ್ಲೌಸ್ ಹತ್ತು ಜೋಡಿ, ಗಾಜ್, 10 ಮತ್ತು 15 ಸೆಂ.ಮೀ. ಕ್ರೇಪ್ ಬ್ಯಾಂಡೇಜ್ ನಾಲ್ಕು, ತ್ರಿಕೋನ ಬ್ಯಾಂಡೇಜ್ ನಾಲ್ಕು, ಬಗ್ಗುವ ಸ್ಪ್ಲಿಂಟ್ ಎರಡು, ಪಾಕೆಟ್ ಮಾಸ್ಕ್ (ಬಾಯಿಂದ ಉಸಿರು ಕೊಡಲು), ಒಆರ್‌ಎಸ್, ಪ್ಯಾರಾಸಿಟಮಾಲ್, ಅಡ್ರಿನಲಿನ್ ಮತ್ತು ಸಿರಿಂಜ್, ಚಿಮಟ, ಕತ್ತರಿ, ಹೆಡ್‌ಲ್ಯಾಂಪ್, ಟರ್ಪಾಲ್, ಪೆನ್ಸಿಲ್. ಒದ್ದೆ ಕಾಗದದ ಮೇಲೆ ಪೆನ್ನು ಬರೆಯುವುದಿಲ್ಲ. ನಮ್ಮ ಕರಾವಳಿಯ ಹವೆಗೆ ಪ್ಲಾಸ್ಟರ್‌ನ ಅಂಟು ಹೋಗುತ್ತದೆ, ಕತ್ತರಿ ತುಕ್ಕು ಹಿಡಿಯುತ್ತದೆ. ಟ್ರೆಕ್‌ನಿಂದ ಬಂದ ದಿನವೇ ಎಲ್ಲ ಹೊರಗೆ ಸುರಿದು ಒಣಗಿಸಿ ಜಿಪ್ ಕವರ್‌ಗಳಲ್ಲಿ ಹಾಕಿಡಿ. ಅಡ್ರಿನಲಿನ್ ಬಣ್ಣ ಗುಲಾಬಿ ಅಥವಾ ಕಂದು ಆಗಿದ್ದರೆ ತಾರೀಕು ನೋಡದೆ ಬದಲಿಸಿ.